ಅರಿಶಿನದೂರಿನಿಂದ ಅಡಿಕೆಯ ದ್ವೀಪಕ್ಕೆ

ಮಲಯ ಭಾಷೆಯಲ್ಲಿ 'ಪುಲಾವ್' ಎಂದರೆ ದ್ವೀಪ, 'ಪಿನಾಂಗ್' ಎಂದರೆ ಅಡಿಕೆ. ಪುಲಾವ್ ಪಿನಾಂಗ್ ಅಂದರೆ ಅಡಿಕೆಯ ದ್ವೀಪ. ಇಂಗ್ಲಿಷರ ಬಾಯಿಯಲ್ಲಿ ಅದು ಪೆನಾಂಗ್ ಆಯಿತು. "ಹೆಸರಿನಲ್ಲೇ ಪುಲಾವ್ ಇದೆಯಲ್ಲ, ಇನ್ನು ಊಟಕ್ಕೇನು ಕಡಿಮೆ!" ಎಂದು ನನ್ನ ಮಗಳು ವಿಮಾನ ಹತ್ತುವ ಮೊದಲೇ ತಮಾಷೆ ಮಾಡಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ.

ಮಲೇಶಿಯಾದ ವಾಯವ್ಯ ಕರಾವಳಿಗೆ ಎದುರಾಗಿ, ಮಲಾಕ್ಕಾ ಜಲಸಂಧಿಯಲ್ಲಿರುವ ಈ ದ್ವೀಪದ ವಿಸ್ತೀರ್ಣ 300 ಚದರ ಕಿಲೋಮೀಟರಿಗಿಂತಲೂ ಕಡಿಮೆ. ನಮ್ಮ ಚಾಮರಾಜನಗರ ತಾಲೂಕಿಗಿಂತ ಎಷ್ಟೋ ಚಿಕ್ಕದು. ಮುಖ್ಯ ಭೂಮಿಯಿಂದ ಅಲ್ಲಿಗೆ ಹೋಗಲು ಎರಡು ಸೇತುವೆಗಳಿವೆ. ಮೊದಲನೆಯದು 1985ರದ್ದು, ಎರಡನೆಯದು 2014ರದ್ದು. ಹಳೆಯ ಕಾಲದ ಹಾಗೆ ದೋಣಿಯಲ್ಲೂ ಹೋಗಬಹುದು. ಮಕ್ಕಳಿದ್ದರೆ ದೋಣಿಯೇ ಒಳ್ಳೆಯದು.

ಈ ದ್ವೀಪದ ಕಥೆಗೂ ನಮ್ಮ ಮೈಸೂರು ಸೀಮೆಯ ಕಥೆಗೂ ಒಂದು ಕಡೆ ಗಂಟು ಬಿದ್ದಿದೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಎಂಬಾತ ಕೆಡಾದ ಸುಲ್ತಾನರಿಂದ ಇದನ್ನು ಪಡೆದುಕೊಂಡ. ಸಯಾಮಿನವರು ದಂಡೆತ್ತಿ ಬಂದರೆ ಕಂಪನಿ ನೆರವಿಗೆ ನಿಲ್ಲುತ್ತದೆಂದು ಸುಲ್ತಾನರು ನಂಬಿದ್ದರು. ಕಂಪನಿ ನಿಲ್ಲಲಿಲ್ಲ, ದ್ವೀಪವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಜಾರ್ಜ್ ಟೌನ್ ಪಟ್ಟಣದ ಸಮುದ್ರ ದಂಡೆಯಲ್ಲಿ ಅವರು ಕಟ್ಟಿದ ಕೋಟೆಯ ಹೆಸರು ಫೋರ್ಟ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನರ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಅದೇ ಕಾರ್ನ್‌ವಾಲಿಸ್. ಶಾಲೆಯಲ್ಲಿ ಓದಿದ ಈ ಹೆಸರನ್ನು ಅಷ್ಟು ದೂರದ ಗೋಡೆಯ ಮೇಲೆ ಕಂಡಾಗ ನಾನು ಕ್ಷಣ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಕಂಪನಿ ಈ ಬಂದರಿನಲ್ಲಿ ಸುಂಕ ಇಡಲಿಲ್ಲ. ಹಾಗಾಗಿ ಚೀನಾದ ಹೊಕ್ಕಿಯನ್ ಮತ್ತು ತಿಯೋಚೂ ಜನರು, ಕೋರಮಂಡಲ ತೀರದ ತಮಿಳು ಮುಸ್ಲಿಮ್ ವ್ಯಾಪಾರಿಗಳು, ಸುಮಾತ್ರಾದ ಆಚೆಯವರು, ಅರಬರು, ಸಯಾಮಿನವರು, ಬರ್ಮಾದವರು ಎಲ್ಲರೂ ಬಂದರು. ಮಲಯರು ಮೊದಲಿನಿಂದಲೂ ಇದ್ದರು. 2020ರ ಜನಗಣತಿಯಂತೆ ಪೆನಾಂಗ್ ರಾಜ್ಯದ ಜನಸಂಖ್ಯೆ 17 ಲಕ್ಷ ದಾಟಿದೆ. ಮಲಯರೂ ಚೀನೀಯರೂ ಹತ್ತಿರ ಹತ್ತಿರ ಸಮಸಮ, ಹತ್ತರಲ್ಲಿ ಒಂದು ಪಾಲಿನಷ್ಟು ಭಾರತೀಯ ಮೂಲದವರು. ಒಬ್ಬರಿಗೆ ಹಂದಿ ನಿಷಿದ್ಧ, ಇನ್ನೊಬ್ಬರಿಗೆ ದನದ ಮಾಂಸ ಆಗದು, ಮತ್ತೊಬ್ಬರಿಗೆ ಹಂದಿಯಿಲ್ಲದೆ ಹಬ್ಬವೇ ಇಲ್ಲ. ಇಂತಹ ಜನ ಇನ್ನೂರಕ್ಕೂ ಹೆಚ್ಚು ವರ್ಷ ಒಂದೇ ಬೀದಿಯಲ್ಲಿ ಹೇಗೆ ಉಂಡರು ಎಂಬುದನ್ನು ನೋಡಬೇಕಾದರೆ ಅಲ್ಲಿನ ಅಡುಗೆಯನ್ನೇ ನೋಡಬೇಕು.

ನಮ್ಮೂರು ಚಂದಕವಾಡಿ. ಚಾಮರಾಜನಗರ, ಗುಂಡ್ಲುಪೇಟೆ ಎಂದರೆ ಅರಿಶಿನದ ಸೀಮೆ ಎಂದು ನಿಮಗೆ ಗೊತ್ತಿರಬಹುದು. ನೆಟ್ಟು ಎಂಟೊಂಬತ್ತು ತಿಂಗಳು ಕಾದು, ಕಿತ್ತು, ಕೊಪ್ಪರಿಗೆಯಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ, ಹೊಳಪು ಕೊಟ್ಟು ಈರೋಡಿನ ಮಾರುಕಟ್ಟೆಗೆ ಕಳಿಸುವ ಬೆಳೆ ಅದು. ನನ್ನ ಅಮ್ಮಿಯ ಅರ್ಧ ಆಯುಷ್ಯ ಆ ಹಳದಿ ಧೂಳಿನಲ್ಲೇ ಕಳೆದಿದೆ. ತಮಿಳುನಾಡಿನ ಗಡಿ ಪಕ್ಕದಲ್ಲೇ ಇರುವುದರಿಂದ, ಅರಿಶಿನದ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಅಮ್ಮಿಗೆ ತಮಿಳೂ ಬರುತ್ತದೆ. ನನ್ನ ತಮ್ಮ ಪೆನಾಂಗಿನ ಬಯಾನ್ ಲೆಪಾಸ್ ಕೈಗಾರಿಕಾ ಪ್ರದೇಶದಲ್ಲಿ ಇಂಜಿನಿಯರ್. ಕಳೆದ ಬೇಸಿಗೆ ರಜೆಯಲ್ಲಿ ಅವನ ಒತ್ತಾಯಕ್ಕೆ ಅಮ್ಮಿ, ನಾನು, ನನ್ನ ಯಜಮಾನರು, ಮಕ್ಕಳು ಹೊರಟೆವು.

ಅಮ್ಮಿಯದೊಂದು ಷರತ್ತಿತ್ತು. "ಅಲ್ಲಿ ಹಂದಿ ಮಾಂಸ ಎಲ್ಲೆಂದರಲ್ಲಿ ಬೇಯುತ್ತದಂತೆ. ನಾನು ಹೊರಗೆ ಒಂದು ತುತ್ತೂ ತಿನ್ನುವುದಿಲ್ಲ. ನೀವು ಸುತ್ತಾಡಿ, ನಾನು ಮನೆಯಲ್ಲೇ ಮುದ್ದೆ ಮಾಡಿಕೊಳ್ಳುತ್ತೇನೆ." ಹಾಗೆ ಹೇಳಿ ಎರಡು ಕಿಲೋ ರಾಗಿ ಹಿಟ್ಟು, ಖಾರದ ಪುಡಿ, ಮನೆಯ ಅರಿಶಿನ ಪುಡಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡರು. ಹಾಗಾಗಿ ನಮ್ಮ ಪ್ರವಾಸವೆಲ್ಲ ಅಮ್ಮಿಯ ಷರತ್ತಿನ ಸುತ್ತಲೇ ತಿರುಗಿತು. ಅದರಿಂದ ಒಂದು ಲಾಭವೂ ಆಯಿತು. ಪ್ರತಿ ತಿಂಡಿಯ ಬಗ್ಗೆಯೂ ಇದು ಯಾರದು, ಇದರಲ್ಲಿ ಏನಿದೆ, ಯಾವ ಎಣ್ಣೆ, ಯಾರ ಕೈ ಎಂದು ಕೇಳಿ ತಿಳಿಯಬೇಕಾಯಿತು.

ಮೊದಲ ಗೆಲುವು ತಮ್ಮನದು. ಎರಡನೆಯ ದಿನ ಅವನು ಅಮ್ಮಿಯನ್ನು 'ನಾಸಿ ಕಂದಾರ್' ಅಂಗಡಿಗೆ ಕರೆದೊಯ್ದ. ನಾಸಿ ಎಂದರೆ ಅನ್ನ. ಕಂದಾರ್ ಎಂದರೆ ಹೆಗಲ ಮೇಲೆ ಅಡ್ಡೆ ಹೊರುವುದು. ನಮ್ಮಲ್ಲಿ ಕಾವಡಿ ಹೊರುತ್ತಾರಲ್ಲ, ಹಾಗೆಯೇ. ಹಿಂದೆ ತಮಿಳು ಮುಸ್ಲಿಮರು ಅಡ್ಡೆಯ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದು ತುದಿಗೆ ಸಾರಿನ ಪಾತ್ರೆ ಕಟ್ಟಿಕೊಂಡು ಬೆಳಗ್ಗೆಯೇ ಬಂದರಿಗೆ ಹೋಗುತ್ತಿದ್ದರು. ಮೂಟೆ ಹೊರುವ ಕೂಲಿಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತಿದ್ದರು. ಅಡ್ಡೆ ಹೋಯಿತು, ಅಂಗಡಿ ಬಂತು, ಹೆಸರು ಮಾತ್ರ ಹೆಗಲ ಮೇಲಿನದೇ ಉಳಿಯಿತು. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ ಹೋಟೆಲು 1907ರಿಂದ ನಡೆಯುತ್ತಿದೆ. ಇಂತಹ ಹೋಟೆಲುಗಳಲ್ಲಿ ಅದೇ ಅತಿ ಹಳೆಯದು ಎನ್ನುತ್ತಾರೆ.

ಅಲ್ಲಿನ ಪದ್ಧತಿ ಹೀಗಿದೆ. ಸಾಲಿನಲ್ಲಿ ನಿಲ್ಲಬೇಕು. ಗಾಜಿನ ಹಿಂದೆ ಅಲ್ಯುಮಿನಿಯಂ ತಟ್ಟೆಗಳಲ್ಲಿ ಕೋಳಿ, ಕುರಿ, ದನದ ಮಾಂಸ, ಮೀನಿನ ತಲೆ, ಮೀನಿನ ಮೊಟ್ಟೆ, ಬೆಂಡೆಕಾಯಿ, ಎಲೆಕೋಸು ಎಲ್ಲವೂ ಕೆಂಪಗೆ, ಕಪ್ಪಗೆ ಹರಡಿರುತ್ತವೆ. ನಾವು ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಇಡುತ್ತಾರೆ. ಆಮೇಲೆ ಬಡಿಸುವವನು ಒಂದೊಂದು ಸಾರಿನಿಂದ ಒಂದೊಂದು ಸೌಟು ತೆಗೆದು ಎಲ್ಲವನ್ನೂ ಒಂದೇ ಅನ್ನದ ಮೇಲೆ ಸುರಿಯುತ್ತಾನೆ. ಇದಕ್ಕೆ ಅವರು 'ಬಾಂಜಿರ್' ಎನ್ನುತ್ತಾರೆ. ಪ್ರವಾಹ ಎಂದರ್ಥ. "ಅಯ್ಯೋ, ಎಲ್ಲ ಸಾರನ್ನೂ ಕಲಸಿಬಿಟ್ಟನಲ್ಲ!" ಎಂದು ಅಮ್ಮಿ ಗಾಬರಿಯಾದರು. ನಮ್ಮ ಕಡೆ ಒಂದು ಸಾರಿಗೆ ಇನ್ನೊಂದನ್ನು ಸೇರಿಸಿದರೆ ಅಡುಗೆ ಮಾಡಿದವಳಿಗೆ ಅವಮಾನ. ಅಲ್ಲಿ ಸೇರಿಸುವುದೇ ಕೈಚಳಕ. ಯಾವುದರಿಂದ ಎಷ್ಟು ಸೌಟು ಎಂಬ ಲೆಕ್ಕದಲ್ಲೇ ಒಂದು ಅಂಗಡಿಗೂ ಇನ್ನೊಂದಕ್ಕೂ ವ್ಯತ್ಯಾಸ.

ಅಮ್ಮಿ ಬಡಿಸುವವನಿಗೆ ತಮ್ಮ ಗಡಿನಾಡಿನ ತಮಿಳಿನಲ್ಲಿ ಇದು ಹಲಾಲ್ ತಾನೇ ಎಂದು ಕೇಳಿದರು. ಆತ ನಕ್ಕು, "ಅಮ್ಮಾ, ಅಂಗಡಿ ನಮ್ಮದೇ, ಕುಯ್ಯುವ ಕೈಯೂ ನಮ್ಮದೇ" ಎಂದ. ಆಮೇಲೆ ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಆತ ರಾಮನಾಥಪುರದ ಕಡೆಯವನು, ಮಕ್ಕಳು ಊರಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಹೋಗುತ್ತಾನೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಚೀನೀ ಹುಡುಗ ಗೊಣಗದೆ ಕಾದ. ಅಂದು ಅಮ್ಮಿ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಈ ಅಂಗಡಿಯವರನ್ನು ಅಲ್ಲಿ 'ಮಾಮಕ್' ಎಂದು ಕರೆಯುತ್ತಾರೆ. ತಮಿಳಿನ, ಕನ್ನಡದ ನಮ್ಮ 'ಮಾಮ'ನೇ ಅದು. ಹಳೆಯ ಕಾಲದ 'ಕೆಲಿಂಗ್' ಎಂಬ ಇನ್ನೊಂದು ಪದವಿದೆ. ಕಳಿಂಗದಿಂದ ಬಂದದ್ದು. ಈಗ ಅದು ಬೈಗುಳದಂತಾಗಿದೆ, ಯಾರ ಮುಂದೆಯೂ ಹೇಳಬಾರದು. ತಮಿಳು ಮುಸ್ಲಿಮ್ ಮುಖಂಡರು 1801ರಲ್ಲಿ ಸ್ಥಾಪಿಸಿದ ದೊಡ್ಡ ಮಸೀದಿಯ ಹೆಸರಿನಲ್ಲಿ ಮಾತ್ರ ಉಳಿದಿದೆ: ಕಪಿತಾನ್ ಕೆಲಿಂಗ್ ಮಸೀದಿ.

ಅನ್ನದ ಜೊತೆ ಬಂದ ಬೇಳೆ ಸಾರಿಗೆ ಅವರು 'ದಾಲ್ಚಾ' ಎಂದಾಗ ನಮಗೆಲ್ಲ ಆಶ್ಚರ್ಯ. ಮೈಸೂರು ಕಡೆಯ ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಯ ಜೊತೆ ಬರುವ ದಾಲ್ಚಾವೇ ಅದು, ತರಕಾರಿ ಮಾತ್ರ ಸ್ವಲ್ಪ ಜಾಸ್ತಿ. ಮಾರುಕಟ್ಟೆಗೆ ಹೋದರೆ ಇಂತಹ ಪದಗಳು ಕಾಲಿಗೆ ತೊಡರುತ್ತವೆ. ಬೆಂಡೆಕಾಯಿಗೆ ಮಲಯರು 'ಬೆಂಡಿ' ಎನ್ನುತ್ತಾರೆ. ಕೊತ್ತಂಬರಿಗೆ 'ಕೆತುಂಬಾರ್'. ಉಪವಾಸಕ್ಕೆ, ಅಂದರೆ ರಮಝಾನಿನ ವ್ರತಕ್ಕೆ, ಅವರು ಹೇಳುವ ಪದ 'ಪುವಾಸಾ'. ಉಪವಾಸ ಎಂಬ ಪದವೇ ಹಡಗು ಹತ್ತಿ ಹೋಗಿ ಹಾಗಾಗಿದೆ. ಪೆನಾಂಗ್ ರಸ್ತೆಯಲ್ಲಿರುವ ಹಳೆಯ ಮಾರುಕಟ್ಟೆಯ ಹೆಸರೇ ಚೌರಸ್ತಾ. ಅರ್ಥ ಹೇಳಬೇಕಿಲ್ಲ.

ಪೆನಾಂಗಿನ ಗುಟ್ಟು ತಿಳಿಯಬೇಕಾದರೆ 'ಮೀ ಗೋರೆಂಗ್' ತಿನ್ನಬೇಕು. ಮೀ ಎಂಬ ಗೋಧಿಯ ಎಳೆ ಚೀನೀಯರದು, ಸೋಯಾ ಮೊಸರಿನ ತುಂಡೂ ಅವರದೇ. ಖಾರದ ಸಂಬಾಲ್ ಮಲಯರದು. ಬಾಣಲೆ ಹಿಡಿದಿರುವವನು ತಮಿಳು ಮುಸ್ಲಿಮ್. ತಮಿಳುನಾಡಿಗೆ ಹೋದರೆ ಈ ತಿಂಡಿ ಸಿಗದು, ಚೀನಾಕ್ಕೆ ಹೋದರೂ ಸಿಗದು. ಸೌತೆಕಾಯಿ, ಹಿಟ್ಟಿನಲ್ಲಿ ಕರಿದ ಸೀಗಡಿ, ಸೋಯಾ ಮೊಸರು ಎಲ್ಲ ಹೆಚ್ಚಿಹಾಕಿ ಮೇಲೆ ಗೆಣಸಿನ ಗಟ್ಟಿ ಸಿಹಿಖಾರದ ಸಾರು ಸುರಿಯುವ 'ಪಸೆಂಬೂರ್' ಕೂಡ ಇದೇ ಜಾತಿಯದು.

ಇಲ್ಲಿ ನಮ್ಮಲ್ಲೇ ಒಂದು ಚರ್ಚೆ ಎದ್ದಿತು. ಮೀ ಗೋರೆಂಗಿಗೆ ಅಲ್ಲಿ ಬೊಂಡಾಸ್ ಮೀನು ಹಾಕುವ ವಾಡಿಕೆ. ಮಲಯರು ಶಾಫಿಗಳು, ಅವರಿಗೆ ಸಮುದ್ರದ್ದೆಲ್ಲ ಸರಿ. ಕರಾವಳಿಯ ಶಾಫಿ ಓದುಗರಿಗೂ ಇದರಲ್ಲಿ ತೊಂದರೆಯಿಲ್ಲ. ನಮ್ಮ ಮನೆಯವರು ಹನಫಿಗಳು, ಅಮ್ಮಿ ಮೀನು ಬಿಟ್ಟರೆ ಬೊಂಡಾಸ್, ಚಿಪ್ಪಿನ ಮಾಂಸ ಯಾವುದನ್ನೂ ಮುಟ್ಟುವವರಲ್ಲ. "ಹಲಾಲ್ ಎಂದು ಬೋರ್ಡು ಹಾಕಿದ್ದಾರಲ್ಲ ಅಮ್ಮಿ" ಎಂದ ನನ್ನ ಮಗ. "ಬೋರ್ಡು ಅವರದು, ಬಾಯಿ ನನ್ನದು" ಎಂದರು ಅಮ್ಮಿ. ಅಂಗಡಿಯವನಿಗೆ ಹೇಳಿದೊಡನೆ ಅವನು ಬಾಣಲೆ ತೊಳೆದು, ಬರೀ ಮೊಟ್ಟೆ ಹಾಕಿ ಬೇರೆಯೇ ಮಾಡಿಕೊಟ್ಟ. ಯಾಕೆ ಎಂದು ಕೇಳಲಿಲ್ಲ. ಆ ಊರಿನಲ್ಲಿ "ನಾನು ಇದನ್ನು ತಿನ್ನುವುದಿಲ್ಲ" ಎಂಬ ಮಾತಿಗೆ ಯಾರೂ ಮುಖ ಸಿಂಡರಿಸುವುದನ್ನು ನಾನು ಕಾಣಲಿಲ್ಲ. ದಿನಕ್ಕೆ ಹತ್ತು ಸಲ ಕೇಳುವ ಮಾತಿರಬೇಕು ಅದು.

ಸಂಜೆಯಾದರೆ ಸಮುದ್ರ ದಂಡೆಯಲ್ಲಿ, ಮೈದಾನದ ಬದಿಯಲ್ಲಿ ಸಾಲುಸಾಲು ಅಂಗಡಿಗಳು. ಮಧ್ಯೆ ಮೇಜು ಕುರ್ಚಿಗಳು. ಮೇಜಿಗೊಂದು ಸಂಖ್ಯೆ. ಯಾವ ಅಂಗಡಿಯಲ್ಲಿ ಬೇಕಾದರೂ ಹೇಳಿ ಬಂದು ಕೂತರೆ ತಟ್ಟೆ ಅಲ್ಲಿಗೇ ಬರುತ್ತದೆ. ನಮ್ಮ ಪಕ್ಕದ ಮೇಜಿನಲ್ಲಿ ಒಂದೇ ಕಚೇರಿಯವರಂತೆ ಕಾಣುವ ನಾಲ್ವರು ಹೆಣ್ಣುಮಕ್ಕಳು ಕೂತಿದ್ದರು. ಒಬ್ಬಳ ತಲೆಯ ಮೇಲೆ ಸ್ಕಾರ್ಫ್, ಒಬ್ಬಳ ಹಣೆಯಲ್ಲಿ ಕುಂಕುಮ, ಇಬ್ಬರು ಚೀನೀಯರು. ನಾಲ್ಕು ಬೇರೆ ಬೇರೆ ತಟ್ಟೆ. ನಾಲ್ವರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕದೆಯೇ ಗಂಟೆಗಟ್ಟಲೆ ನಗುತ್ತಾ ಹರಟಿದರು.

ಆದರೆ ಇದನ್ನು ನೋಡಿ, ಅಲ್ಲಿ ಎಲ್ಲರೂ ಎಲ್ಲೆಡೆಯೂ ಒಟ್ಟಿಗೆ ಉಣ್ಣುತ್ತಾರೆ ಎಂದು ಬರೆದರೆ ತಪ್ಪಾದೀತು. ಚೀನೀಯರ ಕಾಫಿ ಅಂಗಡಿಗಳಿಗೆ 'ಕೋಪಿತಿಯಾಮ್' ಎನ್ನುತ್ತಾರೆ. 'ಕೋಪಿ' ಮಲಯ ಪದ, 'ತಿಯಾಮ್' ಹೊಕ್ಕಿಯನ್ ಪದ. ಹೆಸರಿನಲ್ಲಿ ಎರಡು ಭಾಷೆ ಬೆರೆತಿದೆ. ಅಂಗಡಿಯೊಳಗೆ ಹಂದಿಯ ಅಡುಗೆಯಿರುವುದರಿಂದ ಆಚಾರವಂತ ಮುಸ್ಲಿಮರು ಹೋಗುವುದಿಲ್ಲ. ಪೆನಾಂಗಿನ ಹೆಸರುವಾಸಿ ತಿಂಡಿ 'ಚಾರ್ ಕೊಯ್ ತಿಯಾವ್' ಅಕ್ಕಿಯ ಅಗಲ ಎಳೆಗಳನ್ನು ದೊಡ್ಡ ಉರಿಯಲ್ಲಿ ಹುರಿದದ್ದು. ಮೂಲದಲ್ಲಿ ಅದಕ್ಕೆ ಹಂದಿಯ ಕೊಬ್ಬೇ ಎಣ್ಣೆ. ಮಲಯರು ಅದನ್ನೇ ಸಸ್ಯಜನ್ಯ ಎಣ್ಣೆಯಲ್ಲಿ ಮಾಡಿ ತಮ್ಮದಾಗಿಸಿಕೊಂಡಿದ್ದಾರೆ, ನಾವು ತಿಂದದ್ದು ಅಂಥದ್ದೇ. ಕೆಲವು ಅಂಗಡಿಗಳಲ್ಲಿ 'ಹಂದಿ ಇಲ್ಲ, ಹಂದಿಯ ಕೊಬ್ಬು ಇಲ್ಲ' ಎಂಬ ಫಲಕವಿರುತ್ತದೆ. ಪ್ರವಾಸ ಹೋಗುವವರು ಗಮನಿಸಿ, ಅದು ಹಲಾಲ್ ಎಂಬುದಕ್ಕೆ ಸಮವಲ್ಲ. ಕೋಳಿಯನ್ನು ಯಾರು, ಹೇಗೆ ಕುಯ್ದರು ಎಂಬುದನ್ನು ಆ ಫಲಕ ಹೇಳುವುದಿಲ್ಲ. ಸರಕಾರದ ಇಸ್ಲಾಮಿ ಇಲಾಖೆ 'ಜಾಕಿಮ್' ಕೊಡುವ ಹಲಾಲ್ ಮುದ್ರೆ ಬೇರೆಯೇ ಇದೆ.

ಹಾಗಾಗಿ ಮಾಮಕ್ ಅಂಗಡಿಗೆ ಎಲ್ಲರೂ ಬರುತ್ತಾರೆ, ಚೀನೀಯರ ಅಂಗಡಿಗೆ ಎಲ್ಲರೂ ಹೋಗುವುದಿಲ್ಲ. ನನಗೆ ಕಂಡದ್ದನ್ನು ಹೇಳಬೇಕೆಂದರೆ, ಅಲ್ಲಿ ನಿರ್ಬಂಧ ಕಡಿಮೆ ಇರುವವರೇ ಸ್ನೇಹಕ್ಕಾಗಿ ಹೆಚ್ಚು ದೂರ ನಡೆದು ಬರುತ್ತಾರೆ. ಚೀನೀಯರಲ್ಲೂ ಕ್ವಾನ್ ಯಿನ್ ದೇವತೆಯನ್ನು ನಂಬುವ ಅನೇಕರು ದನದ ಮಾಂಸ ತಿನ್ನುವುದಿಲ್ಲ, ಹಿಂದೂಗಳೂ ತಿನ್ನುವುದಿಲ್ಲ. ನಾಲ್ಕು ಜಾತಿಯ ಗೆಳೆಯರು ಸೇರಿ ಉಣ್ಣಬೇಕೆಂದಾಗ ಕೊನೆಗೆ ಉಳಿಯುವುದು ಕೋಳಿ ಮತ್ತು ಮೀನು.

ಮೀನೆಂದರೆ 'ಆಸಾಮ್ ಲಕ್ಸಾ' ನೆನಪಾಗುತ್ತದೆ. ಕರಾವಳಿಯವರು ಬಾಯಲ್ಲಿಟ್ಟ ಕೂಡಲೇ ಗುರುತು ಹಿಡಿಯುವ ತಿಂಡಿ ಇದು, ಯಾಕೆಂದರೆ ಅದರ ಜೀವಾಳ ಬಂಗುಡೆ. ಮಲಯದಲ್ಲಿ ಅದರ ಹೆಸರು 'ಕೆಂಬುಂಗ್'. ಬಂಗುಡೆಯನ್ನು ಬೇಯಿಸಿ, ಮುಳ್ಳು ತೆಗೆದು, ಹುಡಿ ಮಾಡಿ, ಹುಣಿಸೆಹಣ್ಣಿನ ಹುಳಿ ಸಾರಿಗೆ ಬೆರೆಸುತ್ತಾರೆ. ನಮ್ಮ ಉಪ್ಪಾಗೆಯ ಹತ್ತಿರದ ನೆಂಟನಾದ ಒಂದು ಕಾಯಿಯ ಒಣ ಹೋಳುಗಳನ್ನೂ ಹಾಕುತ್ತಾರೆ. ದಪ್ಪ ಅಕ್ಕಿ ಶ್ಯಾವಿಗೆಯ ಮೇಲೆ ಈ ಸಾರು ಸುರಿದು ಪುದೀನ, ಅನಾನಸು, ಸೌತೆಕಾಯಿ, ಈರುಳ್ಳಿ, ಶುಂಠಿ ಜಾತಿಯ ಒಂದು ಗುಲಾಬಿ ಹೂವಿನ ಮೊಗ್ಗು ಇವುಗಳನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ಕೊನೆಗೆ ಒಂದು ಚಮಚ ಕಪ್ಪು ಸೀಗಡಿ ಪಾಕ. ಅದರ ವಾಸನೆಗೆ ನನ್ನ ಯಜಮಾನರು ಮೂಗು ಮುಚ್ಚಿಕೊಂಡರು, ನಾನು ಎರಡು ಬಟ್ಟಲು ಮುಗಿಸಿದೆ. ಅಮ್ಮಿ ಸೀಗಡಿ ಪಾಕ ಬೇಡವೆಂದು ಹೇಳಿ ತಿಂದು, "ಇದು ನಮ್ಮ ಮೀನಿನ ಹುಳಿಯೇ, ಮೇಲೆ ಹಣ್ಣಿನ ಅಂಗಡಿ ಇಟ್ಟಿದ್ದಾರೆ" ಎಂದು ತೀರ್ಪು ಕೊಟ್ಟರು.

ಅಮ್ಮಿಯ ಷರತ್ತು ನಿಜವಾಗಿ ಕರಗಿದ್ದು ಹೋಟೆಲಿನಲ್ಲಲ್ಲ. ತಮ್ಮನ ಪಕ್ಕದ ಮನೆಯವರು ಬಾಬಾ-ನ್ಯೋನ್ಯಾ ಕುಟುಂಬದವರು. ನೂರಾರು ವರ್ಷಗಳ ಹಿಂದೆ ಬಂದು ಮಲಯ ನುಡಿ, ಮಲಯ ಉಡುಗೆ, ಮಲಯ ಮಸಾಲೆ ರೂಢಿಸಿಕೊಂಡ ಚೀನೀಯರಿಗೆ ಈ ಹೆಸರು. ಅವರ ಅಡುಗೆಯಲ್ಲಿ ತೆಂಗಿನ ಹಾಲು, ಹುಣಿಸೆ, ಅರಿಶಿನ ಎಲ್ಲ ಉಂಟು, ಹಂದಿಯೂ ಉಂಟು. ಆ ಮನೆಯ ಅಜ್ಜಿಗೆ ಮೊಮ್ಮಗ ಹುಟ್ಟಿ ತಿಂಗಳು ತುಂಬಿತ್ತು. ಮಗುವಿಗೆ ತಿಂಗಳಾದಾಗ ನೆರೆಹೊರೆಗೆ 'ನಾಸಿ ಕುನ್ಯಿತ್', ಕೋಳಿ ಸಾರು, ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚುವುದು ಅವರ ಪದ್ಧತಿ. ಕುನ್ಯಿತ್ ಎಂದರೆ ಅರಿಶಿನ. ಅಂಟು ಅಕ್ಕಿಯನ್ನು ಅರಿಶಿನದಲ್ಲಿ ನೆನೆಸಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಹಳದಿ ಅನ್ನ ಅದು. ಮಲಯರೂ ತಮ್ಮ ಶುಭ ಸಮಾರಂಭಗಳಲ್ಲಿ ಇಂಥದ್ದನ್ನೇ ಮಾಡುತ್ತಾರೆ.

ಅಜ್ಜಿ ಬಾಗಿಲಿಗೆ ಬಂದಾಗ ಅವರ ಕೈಯಲ್ಲಿದ್ದದ್ದು ಮನೆಯ ಪಾತ್ರೆಯಲ್ಲ, ಅಂಗಡಿಯ ರಟ್ಟಿನ ಡಬ್ಬಿ. ಮಲಯ ಮುಸ್ಲಿಮ್ ಅಡುಗೆಯವರಿಂದ ಮಾಡಿಸಿದ್ದು. ಹಲಾಲ್ ಮುದ್ರೆ ಇದ್ದ ಕಡೆಯನ್ನು ಮೇಲೆ ಮಾಡಿ ಹಿಡಿದಿದ್ದರು. ಉಳಿದ ನೆಂಟರಿಗೆಲ್ಲ ಮನೆಯಲ್ಲೇ ಬೇಯಿಸಿದ್ದಾರೆ, ನಮ್ಮ ಒಂದು ಮನೆಗಾಗಿ ಬೇರೆ ಕಡೆ ಹೇಳಿ ತರಿಸಿದ್ದಾರೆ ಎಂದು ತಮ್ಮ ವಿವರಿಸಿದ. ಅಮ್ಮಿ ಬಹಳ ಹೊತ್ತು ಡಬ್ಬಿಯನ್ನೇ ನೋಡಿ, "ಪಾತ್ರೆಯ ವಿಷಯವನ್ನೂ ಯೋಚಿಸಿದ್ದಾರಲ್ಲ" ಎಂದರು.

ಅಮ್ಮಿಗೆ ಅದು ಅರ್ಥವಾದದ್ದು ಸಹಜ. ನಮ್ಮ ಮನೆಯ ಮದುವೆಗಳಲ್ಲಿ ಲಿಂಗಾಯತ ನೆರೆಯವರಿಗಾಗಿ ಬೇರೆ ಅಡುಗೆಯವರನ್ನು ಕರೆಸಿ, ಬೇರೆ ಒಲೆ ಹೂಡಿ, ಹೊಸ ಪಾತ್ರೆ ತಂದು ಸಸ್ಯಾಹಾರ ಮಾಡಿಸುತ್ತೇವೆ. ಅವರ ಮನೆಯ ಊಟಕ್ಕೆ ನಾವು ಯೋಚಿಸದೆ ಹೋಗಿ ಕೂರುತ್ತೇವೆ, ನಮ್ಮ ಮನೆಗೆ ಅವರು ಬರಬೇಕಾದರೆ ನಾವು ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಚಂದಕವಾಡಿಯಲ್ಲಿ ಹೆಚ್ಚು ದೂರ ನಡೆಯುವವರು ನಾವು, ಪೆನಾಂಗಿನಲ್ಲಿ ಆ ಅಜ್ಜಿ. ಇದನ್ನು ಕೆಲವರು ಭೇದ ಎನ್ನಬಹುದು, ಒಂದೇ ಪಾತ್ರೆಯಲ್ಲಿ ಉಂಡರೆ ಮಾತ್ರ ಸೌಹಾರ್ದ ಎನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿನ್ನ ಬಾಯಿಗೆ ಏನು ಆಗದು ಎಂಬುದನ್ನು ನೆನಪಿಟ್ಟುಕೊಂಡವರು ನಿನ್ನನ್ನು ಮರೆತಿಲ್ಲ ಎಂದೇ ಅರ್ಥವಲ್ಲವೇ?

ಬಂದ ಡಬ್ಬಿಗೆ ಬರಿಗೈಯಲ್ಲಿ ಉತ್ತರ ಕೊಡುವುದು ನಮ್ಮ ಪದ್ಧತಿಯಲ್ಲ. ಅಮ್ಮಿ ಪೆಟ್ಟಿಗೆ ತೆಗೆದು ಮನೆಯ ಅರಿಶಿನ ಪುಡಿಯನ್ನು ಹೊಸ ಪೊಟ್ಟಣದಲ್ಲಿ ಕಟ್ಟಿ ಕೊಟ್ಟು ಬಂದರು. ಅಜ್ಜಿ ಮೂಸಿ ನೋಡಿ ಮಲಯದಲ್ಲಿ ಏನೋ ಹೇಳಿದರಂತೆ, ಅಮ್ಮಿ ಕನ್ನಡದಲ್ಲಿ ಏನೋ ಹೇಳಿದರಂತೆ. ಅರ್ಧ ಗಂಟೆ ಆಕೆ ಹಿಂತಿರುಗಲಿಲ್ಲ.

ಸಿಹಿಯ ಬಗ್ಗೆ ಹೇಳದಿದ್ದರೆ ಮಕ್ಕಳು ನನ್ನನ್ನು ಕ್ಷಮಿಸಲಾರರು. ಜಾರ್ಜ್ ಟೌನಿನ ಸೆಕೆಗೆ 'ಚೆಂದೋಲ್' ಒಂದೇ ಮದ್ದು. ಪಾಂಡನ್ ಎಲೆಯ ರಸ ಬೆರೆಸಿದ ಹಸಿರು ಅಕ್ಕಿ ಹಿಟ್ಟಿನ ಎಳೆ, ತೆಂಗಿನ ಹಾಲು, ತಾಳೆಬೆಲ್ಲ, ಕೆಂಪು ಕಾಳು, ತುರಿದ ಮಂಜುಗಡ್ಡೆ. ಮಂಜುಗಡ್ಡೆ ಮತ್ತು ಕಾಳನ್ನು ಬಿಟ್ಟರೆ ಇದು ನಮ್ಮ ಒತ್ತುಶ್ಯಾವಿಗೆ ಕಾಯಿಹಾಲೇ. ನ್ಯೋನ್ಯಾ ಕುಟುಂಬದವರು ಶಂಖಪುಷ್ಪದ ನೀಲಿ ಬಣ್ಣದಿಂದ ಅಂಟು ಅಕ್ಕಿಯ ಸಿಹಿ ಮಾಡುತ್ತಾರೆ. ನೋಡಲು ಬಲು ಚೆಂದ, ರುಚಿ ಸಾಧಾರಣ. ದುರಿಯನ್ ಹಣ್ಣಿನ ವಿಷಯದಲ್ಲಿ ಮನೆಯವರಲ್ಲಿ ಒಮ್ಮತವಾಗಲಿಲ್ಲ. ಹಲಸಿನ ಹಣ್ಣಿನಲ್ಲಿ ಬೆಳೆದ ನಾವೇ ಅದರ ವಾಸನೆಗೆ ಹಿಂದೆ ಸರಿದೆವೆಂದರೆ ನೀವೇ ಊಹಿಸಿ.

ನನಗೆ ಹಿಡಿಸಿದ್ದು ಜಾಯಿಕಾಯಿ. ಕಂಪನಿಯವರು ಮೊಲುಕ್ಕಾ ದ್ವೀಪಗಳಿಂದ ಸಸಿ ತರಿಸಿ ಇಲ್ಲಿ ನೆಡಿಸಿದರು. ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್ ಕಡೆ ಇಂದಿಗೂ ತೋಟಗಳಿವೆ. ನಾವು ಬೀಜವನ್ನಷ್ಟೇ ಮಸಾಲೆಗೆ ಬಳಸುತ್ತೇವೆ. ಅವರು ಮೇಲಿನ ತಿರುಳನ್ನೂ ಬಿಡದೆ ಉಪ್ಪಿನಕಾಯಿ ಹಾಕುತ್ತಾರೆ, ಸಕ್ಕರೆಯಲ್ಲಿ ಒಣಗಿಸುತ್ತಾರೆ, ಶರಬತ್ತು ಮಾಡುತ್ತಾರೆ.

ಕಪಿತಾನ್ ಕೆಲಿಂಗ್ ಮಸೀದಿಯ ರಸ್ತೆಯಲ್ಲಿ ಒಂದು ಮಧ್ಯಾಹ್ನ ನಡೆದೆವು. 1818ರ ಸೇಂಟ್ ಜಾರ್ಜ್ ಚರ್ಚು, ಕ್ವಾನ್ ಯಿನ್ ಮಂದಿರ, 1833ರ ಮಹಾಮಾರಿಯಮ್ಮನ್ ದೇವಸ್ಥಾನ, ಮಸೀದಿ ಎಲ್ಲವೂ ಕೂಗಳತೆಯಲ್ಲಿವೆ. ಸ್ವಲ್ಪ ಮುಂದೆ 1808ರಲ್ಲಿ ಆಚೆಯಿಂದ ಬಂದ ಸಯ್ಯಿದ್ ಹುಸೈನ್ ಕಟ್ಟಿಸಿದ ಮಸೀದಿಯಿದೆ. ಹಡಗಿನ ಕಾಲದಲ್ಲಿ ಈ ಸೀಮೆಯ ಹಜ್ಜ್ ಯಾತ್ರಿಕರು ಆ ಮಸೀದಿಯ ಸುತ್ತಲಿನ ಮನೆಗಳಲ್ಲಿ ತಂಗಿ ಜಿದ್ದಾದ ಹಡಗಿಗಾಗಿ ಕಾಯುತ್ತಿದ್ದರು. ನಾವು ಹೋದದ್ದು ರಮಝಾನಿನಲ್ಲಲ್ಲ. ರಮಝಾನಿನಲ್ಲಿ ಕಪಿತಾನ್ ಕೆಲಿಂಗ್ ಮಸೀದಿಯಲ್ಲಿ ದೊಡ್ಡ ಹಂಡೆಗಳಲ್ಲಿ ನೋಂಬು ಗಂಜಿ ಕಾಯಿಸಿ ಹಂಚುತ್ತಾರೆ.

2008ರಲ್ಲಿ ಜಾರ್ಜ್ ಟೌನನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ನಾಸಿ ಲೆಮಾಕ್, ರೋಟಿ ಚನಾಯ್, ತೇ ತಾರಿಕ್ ಇವುಗಳನ್ನೊಳಗೊಂಡ ಮಲೇಶಿಯಾದ ಬೆಳಗಿನ ಉಪಾಹಾರದ ಪದ್ಧತಿಗೂ ಮನ್ನಣೆ ಸಿಕ್ಕಿತು. ಆದರೆ ಬಾಣಲೆಯ ಮುಂದೆ ನಿಂತಿರುವ ಬಹಳ ಜನರ ತಲೆಗೂದಲು ಬಿಳಿಯಾಗಿದೆ. ಮಕ್ಕಳು ಕಾರ್ಖಾನೆಗೆ, ಕಂಪ್ಯೂಟರಿಗೆ ಹೋಗಿದ್ದಾರೆ. ಅಂಗಡಿಗಳಲ್ಲಿ ಹೊರದೇಶದ ಅಡುಗೆಯವರು ಹೆಚ್ಚಾದಾಗ, ರುಚಿ ಕೆಡುತ್ತದೆಂದು ರಾಜ್ಯ ಸರಕಾರ 2016ರ ಜನವರಿಯಿಂದ ಬೀದಿ ಅಂಗಡಿಗಳಲ್ಲಿ ವಿದೇಶಿಯರು ಸ್ಥಳೀಯ ತಿಂಡಿಗಳನ್ನು ಬೇಯಿಸಬಾರದೆಂದು ನಿಯಮ ತಂದಿತು. ಸರಕಾರದ ಆತಂಕ ಅರ್ಥವಾಗುತ್ತದೆ. ಆದರೂ ಅಡ್ಡೆ ಹೊತ್ತು ಬಂದ ಮೊದಲ ನಾಸಿ ಕಂದಾರ್‌ನವನು ಯ���ವ ದೇಶದವನಾಗಿದ್ದ ಎಂದು ಕೇಳಬೇಕೆನಿಸುತ್ತದೆ.

ಹೊರಡುವ ಹಿಂದಿನ ದಿನ ಚೌರಸ್ತಾ ಮಾರುಕಟ್ಟೆಯಲ್ಲಿ ಜಾಯಿಕಾಯಿಯ ಉಪ್ಪಿನಕಾಯಿ ಕೊಂಡೆವು. ಪಕ್ಕದಲ್ಲಿ ಮಸಾಲೆ ಅಂಗಡಿ. ಅಮ್ಮಿ ಒಂದು ಒಣ ಅರಿಶಿನದ ಕೊಂಬು ಎತ್ತಿಕೊಂಡು, ಮುರಿದು, ಒಳಗಿನ ಬಣ್ಣ ನೋಡಿ, ಎಲ್ಲಿಯದೆಂದು ಕೇಳಿದರು. "ಇಂಡಿಯಾ" ಎಂದ ಅಂಗಡಿಯವನು. ಯಾವ ಊರು ಎಂದು ಅಮ್ಮಿ ತಮಿಳಿನಲ್ಲಿ ಮತ್ತೆ ಕೇಳಿದರು. ಅದು ಅವನಿಗೆ ಗೊತ್ತಿರಲಿಲ್ಲ. ಬೆಲೆ ಕೇಳಿ, ರೂಪಾಯಿಗೆ ಲೆಕ್ಕ ಹಾಕಿ, "ಬೆಳೆದವನಿಗೆ ಇದರಲ್ಲಿ ಎಷ್ಟು ಸಿಕ್ಕಿತೋ" ಎನ್ನುತ್ತಾ ಅಮ್ಮಿ ಕೊಂಬನ್ನು ಬುಟ್ಟಿಗೆ ಹಾಕಿ ಮುಂದೆ ನಡೆದರು.